ಕಾಕಾನ ಲಾರಿಯ ಕೆಂಪು ಹನಿ

ನಮ್ಮ ಮನೆಯಲ್ಲಿ ಈ ಲಾರಿಯ ಕಥೆಯನ್ನು ಯಾರೇ ಹೇಳಲಿ, ಉಳಿದವರು ನಡುವೆ ಬಾಯಿ ಹಾಕದೆ ಬಿಡುವುದಿಲ್ಲ. ಅದಕ್ಕೇ ಬರೆಯುವುದು ಮೇಲು ಅನ್ನಿಸಿತು. ಬರೆಯಲು ಕೂತ ಮೇಲೆ ಗೊತ್ತಾಯಿತು, ನಾನೇ ನಡುವೆ ಬಾಯಿ ಹಾಕುತ್ತೇನೆ. ಲಾರಿಯ ಬಾನೆಟ್ಟು ನೀಲಿಯಿತ್ತು ಎಂದು ಬರೆದೆ. ನೀಲಿ ಬಳಿಸಿದ್ದು ಆಮೇಲಲ್ಲವೇ ಎಂದು ಅನುಮಾನ ಬಂತು. ಹೊಡೆದು ಹಾಕಿ ಕೆಂಪು ಎಂದು ಬರೆದೆ. ಅದೂ ಸರಿ ಕಾಣಲಿಲ್ಲ. ಬಣ್ಣ ಬಿಡೋಣ. ಲಾರಿ ಹಳೆಯದು, ಅದರಲ್ಲಿ ಯಾರಿಗೂ ತಕರಾರಿಲ್ಲ.

ಲಾರಿ ನನ್ನ ಕಾಕಾನದು, ಅಂದರೆ ಅಪ್ಪನ ತಮ್ಮನದು. ಶಹಾಪುರದ ಅಂಚಿನಲ್ಲಿ ಅವನ ಮನೆ, ಮನೆಯ ಮುಂದೆ ಬೇವಿನ ಮರ, ಮರದ ಕೆಳಗೆ ಲಾರಿ. ಕಾಲುವೆ ಸೀಮೆಯ ಭತ್ತ, ಹತ್ತಿ, ಒಮ್ಮೊಮ್ಮೆ ಮೇವಿಗೆ ಹೊರಟ ಕುರಿಗಳು, ಕರೆದವರು ಏನು ಕೊಟ್ಟರೂ ಹೇರಿಕೊಂಡು ಹೋಗುತ್ತಿದ್ದ. ನಾನು ಯಾದಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ರಜೆ ಬಂದರೆ ಕಾಕಿಯ ಕೈಯ ರೊಟ್ಟಿ ತಿನ್ನಲು ಶಹಾಪುರಕ್ಕೆ ಹೋಗುತ್ತೇನೆ. ಸಾಕ್ಷಿ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ ಎಂದು ಹುಡುಗರಿಗೆ ವರ್ಷಪೂರ್ತಿ ಹೇಳುವವಳು ನಾನು. ಈ ಕಥೆಗೆ ನಾನೇ ಸಾಕ್ಷಿ.

ಕಾಕಾನ ಒಬ್ಬಳೇ ಮಗಳನ್ನು ಸಗರಕ್ಕೆ ಕೊಟ್ಟಿದ್ದಾರೆ. ಅವಳ ಗಂಡುಮಗುವಿನ ತೊಟ್ಟಿಲು ಕಾರ್ಯದಲ್ಲಿ, ಎರಡೂ ಕಡೆಯ ಮಂದಿ ಉಣ್ಣುತ್ತಿರುವಾಗ, ಕಾಕಾ ಎದ್ದು ನಿಂತು ಒಂದು ಮಾತು ಹೇಳಿಬಿಟ್ಟ. ಮೊಮ್ಮಗನ ಜವಳಕ್ಕೆ, ಅಂದರೆ ಹುಟ್ಟುಗೂದಲು ತೆಗೆಸಲು, ಎರಡೂ ಮನೆಯವರು ತನ್ನ ಲಾರಿಯಲ್ಲೇ ನಾರಾಯಣಪುರದ ಕಡೆ ಹೊಳೆ ದಂಡೆಯಲ್ಲಿರುವ ಮನೆದೇವರಿಗೆ ಹೋಗಬೇಕು, ತಾನೇ ಓಡಿಸುತ್ತೇನೆ ಎಂದು. ಕಾಕಾನಿಗೆ ಗಂಡುಮಕ್ಕಳಿಲ್ಲ. ಹಾಗಾಗಿ ಸೋದರಮಾವನ ಜಾಗದಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವವನೂ ಅವನೇ.

ಜವಳದ ದಿನ ಹತ್ತಿರ ಬಂದಾಗ ಲಾರಿಯ ಪವರ್ ಸ್ಟೇರಿಂಗ್ ಪಂಪು ಕೆಟ್ಟಿತು. ಮೊದಲು ನರಳಿತು, ಆಮೇಲೆ ಸುಮ್ಮನಾಯಿತು. ಸ್ಟೇರಿಂಗ್ ತಿರುಗಿಸುವುದೆಂದರೆ ಬಾವಿಯಿಂದ ಕೊಡ ಎಳೆದ ಹಾಗಾಯಿತು. ಕಾಕಾನ ಬಲ ಭುಜ ಮೊದಲೇ ನೋವಿನದು. ಸುದ್ದಿ ಸಗರಕ್ಕೆ ಹೇಗೆ ಮುಟ್ಟಿತೋ, ಮರುದಿನವೇ ಬೀಗರ ಫೋನು ಬಂತು. ಬೀಗರು ಅಂದರೆ ಕಾಕಾನ ಮಗಳ ಮಾವ. ಆ ವರ್ಷವಷ್ಟೇ ಹೊಸ ಟ್ರ್ಯಾಕ್ಟರ್ ತಂದಿದ್ದರು. ಕಾಕಾ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿ ದೂರ ಹಿಡಿದು ಮಾತಾಡುವವನು, ಹಾಗಾಗಿ ಆ ಮಾತು ಮನೆಮಂದಿಗೆಲ್ಲ ಕೇಳಿತು.

"ಏನೂ ಚಿಂತಿ ಮಾಡಬ್ಯಾಡ್ರಿ ಬೀಗರ. ನಮ್ಮ ಟ್ರ್ಯಾಕ್ಟರ್ ಅದ. ಟ್ರಾಲಿಯಾಗ ಹುಲ್ಲು ಹಾಸಿ ನಿಮಗ ಮೆತ್ತಗ ಮಾಡಿ ಕೊಡತೀನಿ."

ಕಾಕಾ ಅಂದು ಮಧ್ಯಾಹ್ನ ಅರ್ಧ ರೊಟ್ಟಿಗೇ ಎದ್ದ. ಬೀಗನ ಟ್ರಾಲಿಯಲ್ಲಿ ಹುಲ್ಲಿನ ಮೇಲೆ ಕೂತು ಜವಳಕ್ಕೆ ಹೋಗುವವನು ತಾನಲ್ಲ, ಹೋದರೆ ಲಾರಿಯಲ್ಲಿ, ಇಲ್ಲದಿದ್ದರೆ ಮನೆಯಲ್ಲಿ ಎಂದ. ಹಾಗಾದರೆ ಕೂಸನ್ನು ತೊಡೆ ಮೇಲೆ ಕೂರಿಸಿಕೊಳ್ಳುವವರು ಯಾರು ಎಂದು ಕಾಕಿ ಕೇಳಿದಳು. ಕಾಕಾ ಲಾರಿ ರಿಪೇರಿಯ ಮಿಸ್ತ್ರಿಯನ್ನು ಕರೆಯಲು ಹೋದ. ನಮ್ಮ ಕಾಕಾ ಒಮ್ಮೆ ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ. ತನ್ನ ಖಾಸಾ ಷಡ್ಡಕನ ಮದುವೆಗೆ ಹೋಗದೆ ಮನೆಯಲ್ಲಿ ಕೂತು ಚುರಮುರಿ ತಿಂದವನು.

ಮಿಸ್ತ್ರಿ ಸುರಪುರದ ಹಳೇ ಸಾಮಾನಿನ ಅಂಗಡಿಯಿಂದ ಬೇರೆ ಯಾವುದೋ ಲಾರಿಯಿಂದ ಬಿಚ್ಚಿದ ಪಂಪು ತರಿಸಿ ಕೂರಿಸಿದ. ಕೆಂಪು ಎಣ್ಣೆ ತುಂಬಿದ. ಸ್ಟೇರಿಂಗಿಗೆ ಹಾಕುವ ಎಣ್ಣೆ ಶರಬತ್ತಿನ ಹಾಗೆ ಕೆಂಪಗಿರುತ್ತದೆ. ಗಾಳಿ ಹೊರಗೆ ಹೋಗಲು ಮುಂದಿನ ಗಾಲಿ ಎತ್ತಿ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಬೇಕಂತೆ. ಆ ಕೆಲಸ ನನಗೆ ಬಂತು. ಲಾರಿ ನಿಂತಲ್ಲೇ ನಿಂತಿತ್ತು, ನಾನು ಮಾತ್ರ ದೊಡ್ಡ ದೊಡ್ಡ ತಿರುವುಗಳನ್ನು ದಾಟುತ್ತಿದ್ದೆ. ಓಣಿಯ ಹೆಂಗಸೊಬ್ಬಳು ನಿಂತು ನೋಡಿ, ಕಾಲೇಜಿನ ನೌಕರಿ ಬಿಟ್ಟೆಯಾ ಎಂದು ಕೇಳಿದಳು.

ಅಷ್ಟರಲ್ಲಿ ಕೆಳಗಿನಿಂದ ಮಿಸ್ತ್ರಿ ಬೈಯುತ್ತ ಹೊರಗೆ ಬಂದ. ಅವನ ಅಂಗಿಯ ಮುಂಭಾಗವೆಲ್ಲ ಕೆಂಪು. ಪೈಪು ಪಂಪಿಗೆ ಸೇರುವಲ್ಲಿ ಎಣ್ಣೆ ಚಿಮ್ಮಿತ್ತು.

ತಪ್ಪು ತಾಮ್ರದ ವಾಷರಿನದು. ಹಳೆಯ ವಾಷರನ್ನೇ ಮತ್ತೆ ಹಾಕಿದ್ದ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗಿಬಿಡುತ್ತದೆ, ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ಎಂದು ಹೇಳಿ ವಾಷರುಗಳನ್ನು ಕಾಕಿಯ ಅಂಗಳದ ಒಲೆಯ ಕೆಂಡದಲ್ಲಿ ಹುಗಿದ. ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯನ್ನು ಹಂಚಿಕೊಳ್ಳುವುದು ಅವಳ ಜಾಯಮಾನವಲ್ಲ. ಇಕ್ಕಳದಿಂದ ವಾಷರುಗಳನ್ನು ಹೆಕ್ಕಿ ನೀರಿಗೆ ಹಾಕುವಾಗ ಒಂದು ಕಡಿಮೆ ಬಂತು, ಅದು ರೊಟ್ಟಿಯ ಬೆನ್ನಿಗೆ ಅಂಟಿ ಕಾಕಾನ ತಾಟಿಗೆ ಬಂತು ಎಂದು ಈಗ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ನೆನಪು. ಆದರೆ ಅಂದು ಮಧ್ಯಾಹ್ನ ನಾವು ಅನ್ನ ಉಂಡದ್ದೂ ನೆನಪಿದೆ. ಇದನ್ನು ನಂಬಬೇಕೆಂದು ಒತ್ತಾಯ ಮಾಡುವುದಿಲ್ಲ.

ಮೆತ್ತಗಾದ ವಾಷರು ಕೂತಿತು, ಅಲ್ಲಿನ ಸೋರಿಕೆ ನಿಂತಿತು. ಎಣ್ಣೆ ಡಬ್ಬಿಗೆ ವಾಪಸು ಬರುವ ರಬ್ಬರ್ ಪೈಪಿನ ಬಾಯಲ್ಲಿ ಇನ್ನೊಂದು ಸೋರಿಕೆ ಹುಟ್ಟಿತು. ರಬ್ಬರಿನ ತುದಿ ಒಣಗಿ ಸೀಳಿತ್ತು. ಮಿಸ್ತ್ರಿ ಆ ತುದಿಯನ್ನು ಕತ್ತರಿಸಿ ಹೊಸ ಕ್ಲಿಪ್ಪು ಬಿಗಿದ. ಈ ನಡುವೆ ಕಾಕಾನಿಗೆ ಸಿಟ್ಟು ಬಂದಿತ್ತು. ಪಂಪನ್ನು ಕುರಿತು, ಇದು ಬೇರೆಯವರ ಲಾರಿಯದು, ನಮ್ಮ ಮನೆಗೆ ಹೊಂದಿಕೊಳ್ಳುತ್ತಿಲ್ಲ ಎಂದು ಕೂಗಾಡಿದ. ಕಾಕಿ ಒಲೆಯ ಮುಂದಿನಿಂದ ಒಮ್ಮೆ ತಲೆ ಎತ್ತಿ ನೋಡಿದಳು. ಸಂಜೆಯ ಹೊತ್ತಿಗೆ ಎಲ್ಲ ಒಣಗಿತ್ತು. ಎಂಜಿನ್ ಚಾಲೂ ಮಾಡಿ, ತಿರುಗಿಸಿ, ಕೆಳಗೆ ಹಾಳೆ ಹಾಸಿ ನೋಡಿದೆವು. ಹನಿ ಇಲ್ಲ. ಕಾಕಾ ಒಂದು ಬೆರಳಲ್ಲಿ ಸ್ಟೇರಿಂಗ್ ತಿರುಗಿಸಿ ನಮಗೆ ತೋರಿಸಿದ, ಆಮೇಲೆ ಓಣಿಯವರಿಗೂ ತೋರಿಸಿದ. ಬಿಸಿ ಆರಲೆಂದು ಬಾನೆಟ್ಟು ಎತ್ತಿಟ್ಟೇ ಮಲಗಿದ.

ಬೆಳಿಗ್ಗೆ ಎದ್ದು ನೋಡಿದರೆ ಲಾರಿಯ ಕೆಳಗೆ, ಸರಿಯಾಗಿ ಪಂಪಿನ ನೇರಕ್ಕೆ, ಕೆಂಪು ಹನಿ.

ಮಿಸ್ತ್ರಿ ಬಂದ, ನಟ್ಟುಗಳನ್ನು ಇನ್ನೊಂದಿಷ್ಟು ಬಿಗಿದ, ಒರೆಸಿ ಹೋದ. ಹಗಲೆಲ್ಲ ಒಣಗಿದ್ದು ಮರುದಿನ ಬೆಳಿಗ್ಗೆ ಮತ್ತೆ ಹನಿ. ಕಾಕಾ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಎಣ್ಣೆ ಕಡಿಮೆಯೇ ಆಗಿಲ್ಲವಲ್ಲ ಎಂದ. ಒಳಗೆ ಗಾಳಿ ಸೇರಿದರೆ ಎಣ್ಣೆ ಮೇಲೆ ನಿಂತ ಹಾಗೆ ಕಾಣುತ್ತದೆ ಎಂದ ಮಿಸ್ತ್ರಿ. ನಾನೂ ತಲೆಯಾಡಿಸಿದೆ. ಗಾಳಿಯ ವಿಷಯ ನನಗೇನು ಗೊತ್ತಿತ್ತು?

ಆಮೇಲೆ ಪೌಡರಿನ ಉಪಾಯ. ಪಂಪನ್ನು ಡೀಸೆಲಿನಿಂದ ತೊಳೆದು ಒರೆಸಿ, ಮೇಲೆಲ್ಲ ಮುಖದ ಪೌಡರ್ ಉದುರಿಸಿದರೆ ಎಣ್ಣೆ ಎಲ್ಲಿಂದ ಹೊರಡುತ್ತದೆ ಎಂಬುದು ಗೆರೆ ಬಿದ್ದು ಕಾಣುತ್ತದೆ. ಉಪಾಯ ಯಾರದೆಂದು ಬಹಳ ದಿನ ಜಗಳವಿತ್ತು. ಆಗ ನಾನು ನನ್ನದು ಎಂದೆ, ಮಿಸ್ತ್ರಿ ತನ್ನದು ಎಂದ. ಅದರಿಂದ ಏನಾಯಿತೆಂದು ಗೊತ್ತಾದ ಮೇಲೆ ನಾನು ಅವನದೆಂದು ಬಿಟ್ಟುಕೊಟ್ಟೆ, ಅವನು ನನ್ನದೆಂದು ಹಿಂದಿರುಗಿಸಿದ. ಪೌಡರ್ ಮಾತ್ರ ಖಂಡಿತ ನನ್ನದು, ಮಲ್ಲಿಗೆ ವಾಸನೆಯದು. ಆ ದಿನ ಇಡೀ ಅಂಗಳದಲ್ಲಿ ಡೀಸೆಲ್ ಮತ್ತು ಮಲ್ಲಿಗೆ.

ಬೆಳಿಗ್ಗೆ ಗೆರೆ ಬಿದ್ದಿತ್ತು. ಬಿಳಿಯ ಪಂಪಿನ ನೆತ್ತಿಯಿಂದ ಕೆಂಪು ಗೆರೆ ನೇರ ಕೆಳಗಿಳಿದಿತ್ತು. ನೆತ್ತಿಯಲ್ಲಿ ಪೈಪಿಲ್ಲ, ನಟ್ಟಿಲ್ಲ, ಬರೀ ಕಬ್ಬಿಣ. ಪೌಡರ್ ಬಳಿದು ಕುಂಕುಮ ಇಟ್ಟುಕೊಂಡ ಮುಖದ ಹಾಗೆ ಇತ್ತು ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ಅಂದು ನನಗೆ ಹಾಗೆ ಕಂಡಿತೇ? ಕಂಡಿದ್ದರೆ ಬಾಯಿ ಬಿಟ್ಟು ಹೇಳದೆ ಇರುತ್ತಿದ್ದೆನೇ? ಬಹುಶಃ ಈ ಹೋಲಿಕೆ ಆಮೇಲೆ ಹುಟ್ಟಿ ಹಿಂದಕ್ಕೆ ಹೋಗಿ ಕೂತಿದೆ.

ಮಿಸ್ತ್ರಿ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟ. ಪಂಪಿನ ಮೈಯೇ ಬೆವರುತ್ತಿದೆ, ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಬಿರುಕಿದೆ, ವಾಪಸು ಕೊಟ್ಟು ಬಾ. ಕಾಕಾ ಪಂಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಸುರಪುರಕ್ಕೆ ಹೋದ. ಅಲ್ಲಿ ನಡೆದದ್ದು ನನಗೆ ಕಾಕಾನ ಬಾಯಿಂದಲೇ ಗೊತ್ತು. ಅಂಗಡಿಯವನು ಪಂಪನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಸೋರೋ ಪಂಪಲ್ರಿ. ಸೋರೋ ಪಂಪೇ ಬೇಕಂದ್ರ ಒಳಗ ಬ್ಯಾರೆ ಅದಾವ, ಕೊಡ್ಲೇನು?" ಎಂದನಂತೆ. ಮಲ್ಲಿಗೆ ವಾಸನೆ ಯಾಕೆ ಬರುತ್ತಿದೆ ಎಂದೂ ಕೇಳಿದನಂತೆ. ಕಾಕಾ ಗುಡುಗಿ, ಗದ್ದಲ ಹಾಕಿ, ಕೊನೆಗೆ ಬೇರೊಂದು ಪಂಪು ಬದಲಿಸಿಕೊಂಡು ಬಂದ. ಅದನ್ನು ಕೂರಿಸಿ, ಎಣ್ಣೆ ತುಂಬಿ, ನಾನು ಮತ್ತೆ ನಿಂತ ಲಾರಿಯಲ್ಲಿ ಎಡ ಬಲ ಪ್ರಯಾಣ ಮಾಡಿದೆ. ಎಲ್ಲ ಒಣಗಿತ್ತು. ನಾಳೆ ಒಂದು ದಿನ ಕಳೆದರೆ ಜವಳ. ಸಂಜೆ ಬೀಗರ ಫೋನು ಮತ್ತೆ ಬಂತು. ಹುಲ್ಲು ತಯಾರಿದೆ ಎಂದರು. ಕಾಕಾ ಹುಲ್ಲು ಎಮ್ಮೆಗೆ ಹಾಕಿರಿ ಎಂದ.

ಬೆಳಿಗ್ಗೆ ಹನಿ ಇತ್ತು. ಅದೇ ಜಾಗ, ಅದೇ ಬಣ್ಣ.

ಕಾಕಾ ಅಂದು ಕೂಗಾಡಲಿಲ್ಲ. ಬೇವಿನ ಮರದ ಬುಡದಲ್ಲಿ ಕೂತು, ಜವಳಕ್ಕೆಂದು ಹೊಲಿಸಿದ್ದ ಹೊಸ ಅಂಗಿಯನ್ನು ಒಳಗಿಡಲು ಕಾಕಿಗೆ ಹೇಳಿದ. ಅದನ್ನು ನೋಡಿ ಮಿಸ್ತ್ರಿಗೂ ಕೆಟ್ಟದೆನಿಸಿರಬೇಕು. ತನ್ನ ದೊಡ್ಡ ಪಾನಾ ತೆಗೆದು, ಅದರ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಉದ್ದ ಮಾಡಿ, ಲಾರಿಯ ಕೆಳಗೆ ಹೋಗಿ ಕಂಡ ಕಂಡ ನಟ್ಟನ್ನೆಲ್ಲ ಮೈಭಾರ ಹಾಕಿ ಬಿಗಿಯತೊಡಗಿದ. ಲಾರಿ ಅಳ್ಳಾಡುತ್ತಿತ್ತು.

ಆಗ ಟಗರು ಬಂತು. ಜವಳದ ಊಟಕ್ಕೆಂದು ತಂದು ಕಟ್ಟಿದ್ದ ಟಗರು, ಹಗ್ಗ ಬಿಚ್ಚಿಕೊಂಡು ಬಂದು ಲಾರಿಯ ಕೆಳಗೆ ಕುತ್ತಿಗೆ ಚಾಚಿ ಆ ಕೆಂಪು ಹನಿಗಳನ್ನು ನೆಕ್ಕತೊಡಗಿತು. ಚಪ್ಪರಿಸಿ ನೆಕ್ಕುತ್ತಿತ್ತು. ಕಾಕಾ ಹೌಹಾರಿ ಎದ್ದ. ಲಾರಿಯೂ ಹೋಯಿತು, ಟಗರೂ ಹೋಯಿತು ಎನ್ನುತ್ತ ಅದರ ಕೊಂಬು ಹಿಡಿದು ಎಳೆದ. ನನಗೆ ಮಜ್ಜಿಗೆ ತರಲು ಹೇಳಿದ. ನಾನು ತಂಬಿಗೆ ಹಿಡಿದು ಓಡಿ ಬಂದೆ. ಕಾಕಾ ಟಗರಿನ ಬಾಯಿ ಅಗಲಿಸಿ ಹಿಡಿದ, ನಾನು ಸುರಿದೆ, ಅರ್ಧ ಅದರ ಹೊಟ್ಟೆಗೆ ಅರ್ಧ ನನ್ನ ಸೀರೆಗೆ. ಕಾಕಿ ಬಾಗಿಲಲ್ಲಿ ನಿಂತು ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸದೆ ಹೇಳಿದಳು:

"ಮಜ್ಜಿಗಿ ಯಾಕ ಹಾಳು ಮಾಡತೀರಿ, ಬಿಡ್ರಿ ಅದನ್ನ. ಕುಸುಬಿ ಎಣ್ಣಿ ಅದು, ಏನೂ ಆಗಂಗಿಲ್ಲ."

ಲಾರಿಯ ಕೆಳಗಿನ ಪಾನಾದ ಸಪ್ಪಳ ನಿಂತಿತು.

"ಯಾವ ಕುಸುಬಿ ಎಣ್ಣಿ?" ಎಂದ ಕಾಕಾ.

"ನಾ ಹಚ್ಚಿದ್ದು."

ಹೊಸ ಎತ್ತು ತಂದರೆ ನಮ್ಮಲ್ಲಿ ಅಂಗಳದಲ್ಲಿ ನಿಲ್ಲಿಸಿ ಕಾಲಿಗೆ ನೀರು ಹಾಕುತ್ತಾರೆ, ಹಣೆಗೆ ಕುಂಕುಮ ಇಡುತ್ತಾರೆ, ಕೊಂಬಿಗೆ ಎಣ್ಣೆ ಸವರುತ್ತಾರೆ. ಹಳೆಯ ಮನೆಯನ್ನು ಮರೆತು ಹೊಸ ಕೊಟ್ಟಿಗೆಗೆ ಹೊಂದಿಕೊಳ್ಳುವವರೆಗೆ ಕೆಲವು ದಿನ ಬೆಳಿಗ್ಗೆ ಹೀಗೇ ಉಪಚಾರ ಮಾಡುವುದು ಕಾಕಿಯ ತವರಿನ ಪದ್ಧತಿ. ಪಂಪು ಬೇರೆಯವರ ಲಾರಿಯದು, ನಮ್ಮ ಮನೆಗೆ ಹೊಂದಿಕೊಳ್ಳುತ್ತಿಲ್ಲ ಎಂದು ಕಾಕಾನೇ ಹೇಳಿದ್ದ. ಹೊಂದಿಕೊಳ್ಳಲು ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಒಣ ಕುಂಕುಮ ಕಬ್ಬಿಣದ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಕುಸುಬಿ ಎಣ್ಣೆಯಲ್ಲಿ ಕಲಸಿದಳು. ದಿನಾ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ, ನಾವೆಲ್ಲ ಏಳುವ ಮೊದಲು, ಬಂಪರಿನ ಮೇಲೆ ಹತ್ತಿ ಪಂಪಿನ ನೆತ್ತಿಗೆ ಎರೆದಳು. ಎರಡನೆಯ ಪಂಪು ಬಂದಾಗ, ಪಾಪ ಅದೂ ಹೊಸದಲ್ಲವೇ ಎಂದು ಇನ್ನೊಂದಿಷ್ಟು ಹೆಚ್ಚೇ ಎರೆದಳು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕಾಕಾ ಕೇಳಿದ. ನೀವು ಹುಡುಕುತ್ತಿದ್ದದ್ದು ಸ್ಟೇರಿಂಗ್ ಎಣ್ಣೆ, ತಾನು ಹಾಕಿದ್ದು ಕುಸುಬಿ ಎಣ್ಣೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದಳು. ಕೇಳಿದ್ದರೆ ಹೇಳುತ್ತಿದ್ದಳು. ನಾವು ಪಂಪನ್ನು ತೊಳೆದೆವು, ಪೌಡರ್ ಬಳಿದೆವು, ಸುರಪುರಕ್ಕೆ ಕಳಿಸಿದೆವು, ಕಾಕಿಯನ್ನು ಮಾತ್ರ ಕೇಳಲಿಲ್ಲ. ಮಿಸ್ತ್ರಿ ಕೆಳಗಿನಿಂದ ತೆವಳಿ ಬಂದು, ಪಂಪಿಗೆ ಏನೂ ಆಗಿಲ್ಲವೆಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದ. ಟಗರು ಉಳಿದ ಎಣ್ಣೆ ನೆಕ್ಕುತ್ತಿತ್ತು.

ಕಾಕಾ ಎದ್ದು ಹೊಸ ಅಂಗಿ ಹೊರಗೆ ತೆಗೆಸಿದ.

ಜವಳದ ದಿನ ಸಗರದಲ್ಲಿ ಬೀಗರ ಮನೆಯ ಮುಂದೆ ಲಾರಿ ನಿಂತಾಗ ಕಾಕಾ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ, ಹೊಡೆಯುತ್ತಲೇ ಇದ್ದ. ಬೀಗರು ಹೊರಬಂದು, ಬಗ್ಗಿ ಲಾರಿಯ ಕೆಳಗೆ ನೋಡಿ, ಏನೂ ಸಿಗದೆ ಕ್ಯಾಬಿನ್ನಿಗೆ ಹತ್ತಿದರು. ಕಾಕಿ, ಕೂಸಿನ ತಾಯಿಯಾದ ನನ್ನ ತಂಗಿ, ಕೂಸು ಅಲ್ಲೇ ಕೂತರು. ನಾನು ಹಿಂದೆ ಬೀಗರ ಮನೆಯ ಹೆಂಗಸರು, ಪಾತ್ರೆಗಳು ಮತ್ತು ಟಗರಿನ ಜೊತೆ. ಹೋಗುವಾಗ ಕಾಕಾ ಹೊಳೆಯ ತನಕ ಒಂದೇ ಬೆರಳಲ್ಲಿ ಓಡಿಸಿದ ಎನ್ನುತ್ತಾರೆ. ಅಲ್ಲಿ ಕೂಸು ಅವನ ತೊಡೆಯ ಮೇಲೆ ಕೂತು ಇಡೀ ಹೊಳೆ ದಂಡೆಗೆ ಕೇಳುವಂತೆ ಅತ್ತಿತು. ಹೊಸ ಅಂಗಿಯ ತುಂಬ ಕೂದಲು. ಕಾಕಾ ಅದನ್ನು ಝಾಡಿಸಲೂ ಇಲ್ಲ, ಹಾಗೇ ಊಟಕ್ಕೆ ಕೂತ.

ತೊಂದರೆ ಬಂದದ್ದು ಎಲ್ಲರೂ ಕಾಕಾನ ಮನೆಗೆ ವಾಪಸು ಬರುವಾಗ. ಸುರಪುರ ದಾಟಿರಬೇಕು, ಅಥವಾ ಇನ್ನೂ ಸ್ವಲ್ಪ ಈಚೆಗೆ. ಲಾರಿ ನರಳಿತು. ನಿಲ್ಲಿಸಿ ಇಳಿದು ನೋಡಿದರೆ ರಸ್ತೆಯ ಮೇಲೆ ಉದ್ದಕ್ಕೂ ಕೆಂಪು ಗೆರೆ. ಕಾಕಿಯ ಮುಖವನ್ನು ಎಲ್ಲರೂ ನೋಡಿದೆವು. ಅವಳು ಎರಡೂ ಕೈ ಎತ್ತಿ ತೋರಿಸಿದಳು, ಇವತ್ತು ತಾನು ಮುಟ್ಟಿಲ್ಲ. ಇದು ಖರೇ ಸೋರಿಕೆ. ಇಲ್ಲದ ಸೋರಿಕೆಯನ್ನು ನಿಲ್ಲಿಸಲೆಂದು ಮಿಸ್ತ್ರಿ ಉದ್ದನೆಯ ಪಾನಾದಲ್ಲಿ ಬಿಗಿದಿದ್ದನಲ್ಲ, ಆ ಬಿಗಿತಕ್ಕೆ ಮೆತ್ತನೆಯ ತಾಮ್ರದ ವಾಷರು ಹರಿದುಹೋಗಿತ್ತು. ಡಬ್ಬಿ ಬರಿದು.

ಪವರ್ ಇಲ್ಲದಿದ್ದರೂ ಸ್ಟೇರಿಂಗ್ ತಿರುಗುತ್ತದೆ, ತಿರುಗಿಸುವವನಿಗೆ ತೋಳಿರಬೇಕು ಅಷ್ಟೇ. ಕಾಕಾ ಏನೂ ಆಗಿಲ್ಲವೆಂಬಂತೆ ಹತ್ತಿ ಕೂತು ಹೊರಟ. ಮೊದಲ ತಿರುವಿನಲ್ಲಿ ಹಲ್ಲು ಕಚ್ಚಿದ. ಎರಡನೆಯದರಲ್ಲಿ ಭುಜ ಸೋತು, ಲಾರಿ ರಸ್ತೆಯ ಅಂಚಿನ ಜಾಲಿ ಗಿಡಗಳನ್ನು ಸವರಿ ನಿಂತಿತು. ಹಿಂದೆ ನಮ್ಮ ಮೇಲೆ ಪಾತ್ರೆಗಳು ಬಿದ್ದವು.

ಇನ್ನು ಮುಂದಿನದು ಕಾಕಿ ಹೇಳಿದ್ದು. ಬೀಗರು ಜೇಬಿನಿಂದ ಫೋನು ತೆಗೆದರಂತೆ. ಸಗರದಲ್ಲೇ ಉಳಿದಿದ್ದ ಕಿರಿಯ ಮಗನಿಗೆ ಒಂದು ಮಾತು ಹೇಳಿದರೆ ಟ್ರ್ಯಾಕ್ಟರು ಹಗ್ಗ ಸಮೇತ ಬರುತ್ತಿತ್ತು. ಲಾರಿಯನ್ನು ಶಹಾಪುರದ ಸಂತೆ ಬೀದಿಯಲ್ಲಿ ಹಾದು ಎಳೆದುಕೊಂಡು ಹೋಗಬಹುದಿತ್ತು. ಕಾಕಾ ಎದುರಿನ ಗಾಜನ್ನೇ ನೋಡುತ್ತ ಕೂತಿದ್ದನಂತೆ, ಅಂಗಿಯ ಮೇಲೆ ಇನ್ನೂ ಮೊಮ್ಮಗನ ಕೂದಲು. ಬೀಗರು ಅದನ್ನು ನೋಡಿದರೋ, ಫೋನಿಗೆ ಸಿಗ್ನಲ್ ಇರಲಿಲ್ಲವೋ. ಕಾಕಿ ಮೊದಲನೆಯದು ಎನ್ನುತ್ತಾಳೆ, ನನ್ನ ತಂಗಿ ಎರಡನೆಯದು ಎನ್ನುತ್ತಾಳೆ. ಬೀಗರು ಫೋನನ್ನು ಜೇಬಿಗೆ ಹಾಕಿ, ಧೋತರ ಮೇಲೆ ಕಟ್ಟಿ, ಗೇರಿನ ಕೋಲನ್ನು ದಾಟಿ ಕಾಕಾನ ಪಕ್ಕ ಒತ್ತಿಕೊಂಡು ಕೂತರು. ಸ್ಟೇರಿಂಗಿನ ಎಡಭಾಗ ಹಿಡಿದುಕೊಂಡರು.

ಲಾರಿ ಹೊರಟಿತು. ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಟಕಿಯಿಂದ ನಾನು ನೋಡಿದ್ದು ಎರಡು ಬೆನ್ನು, ಎರಡು ರುಮಾಲು, ಒಂದು ಚಕ್ರದ ಮೇಲೆ ನಾಲ್ಕು ಕೈ. ಗಾಜಿಗೆ ಧೂಳು ಹತ್ತಿತ್ತು, ಆದರೂ ಇದನ್ನು ನೋಡಿದ್ದೇನೆ ಎಂದೇ ಹೇಳುತ್ತೇನೆ. ಎಡಕ್ಕೆ ತಿರುಗುವಾಗ ಬೀಗರು ಎಳೆದರು, ಕಾಕಾ ನೂಕಿದ. ಬಲಕ್ಕೆ ಬಂದಾಗ ಕಾಕಾ ಎಳೆದ, ಬೀಗರು ನೂಕಿದರು. ನಡುವೆ ಇಬ್ಬರೂ ಒಟ್ಟಿಗೆ ಎಳೆದು ಲಾರಿ ನೇರ ಹೋದದ್ದೂ ಉಂಟು. ಎದುರಿಗೆ ಬಂದ ಬಸ್ಸಿನ ಡ್ರೈವರು ನಿಧಾನ ಮಾಡಿ, ಕತ್ತು ಹೊರಳಿಸಿ ನೋಡಿಕೊಂಡೇ ಹೋದ. ಬೋಳು ತಲೆಯ ಕೂಸು ಕಾಕಿಯ ಮಡಿಲಲ್ಲಿ ಕೇಕೆ ಹಾಕುತ್ತಿತ್ತು.

ಶಹಾಪುರ ಹತ್ತಿರವಾದಾಗ ನೇರ ರಸ್ತೆ ಬಂತು. ಬೀಗರು ಉಸಿರು ಬಿಟ್ಟು, ತೋಳು ಝಾಡಿಸಿಕೊಂಡು ಹಿಂದಕ್ಕೆ ಸರಿಯಲು ನೋಡಿದರು. ತೊಟ್ಟಿಲು ಕಾರ್ಯದಿಂದ ಇಲ್ಲಿಯವರೆಗೆ ಬೀಗರಿಗೆ ಒಂದೂ ಮೆತ್ತಗಿನ ಮಾತಾಡದ ಕಾಕಾ, ರಸ್ತೆಯಿಂದ ಕಣ್ಣು ತೆಗೆಯದೆ, ಹಿಂದೆ ಕೂತ ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಕೈ ಬಿಡಬ್ಯಾಡ್ರಿ ಬೀಗರ. ನಮ್ಮ ಓಣಿ ತಿರುವು ಇನ್ನ ಬಾಕಿ ಅದ."